ಬೆಂಗ್ರೆಗೆ ಮೊದಲು ಒಂದು ನಕ್ಷೆ ಮಾಡಿಕೊಡಿ: ಮಂಗಳೂರಿನ ಆಡಳಿತಕ್ಕೊಂದು ಬಹಿರಂಗ ಪತ್ರ

ಮಂಗಳೂರು ಮಹಾನಗರ ಪಾಲಿಕೆಯ ಆಡಳಿತಾಧಿಕಾರಿಗಳಿಗೆ, ಆಯುಕ್ತರಿಗೆ, ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳಿಗೆ ಮತ್ತು ಬಂದರು ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ಹಳೆ ಬಂದರಿನ ದಕ್ಕೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ ನದಿಯ ಆಚೆ ಕಾಣುವ ತೆಂಗಿನ ಸಾಲೇ ಬೆಂಗ್ರೆ. ದೋಣಿಯಲ್ಲಿ ಕೂತರೆ ಕೆಲವೇ ನಿಮಿಷದ ದಾರಿ. ರಸ್ತೆಯಲ್ಲಿ ಹೊರಟರೆ ಕೂಳೂರಿಗೆ ಹೋಗಿ, ಸೇತುವೆ ದಾಟಿ, ಕಾರ್ಖಾನೆಗಳ ಪಕ್ಕದಲ್ಲಿ ತಣ್ಣೀರುಬಾವಿಗೆ ಇಳಿದು, ಕಡಲ ಬದಿಯಲ್ಲೇ ಮತ್ತೆ ದಕ್ಷಿಣಕ್ಕೆ ಬರಬೇಕು. ಹದಿಮೂರು ಹದಿನಾಲ್ಕು ಕಿಲೋಮೀಟರ್ ಸುತ್ತು. ನಗರದ ಹೃದಯದಿಂದ ಕೂಗಳತೆಯಲ್ಲಿದ್ದೂ ಅದರ ತೀರಾ ಕೊನೆಯ ಮೂಲೆಯಲ್ಲಿರುವ ಊರು ಇದು. 2019ರ ಪಾಲಿಕೆ ಚುನಾವಣೆಯ 60 ವಾರ್ಡ್‌ಗಳಲ್ಲಿ ಬೆಂಗ್ರೆಯ ಸಂಖ್ಯೆಯೂ 60.

ಈ ಪತ್ರದಲ್ಲಿ ನಾವು ಕೇಳುವುದು ಒಂದನ್ನೇ. ಬೆಂಗ್ರೆಯಲ್ಲಿ ಇನ್ನು ಮುಂದೆ ಕೊಳವೆ, ಚರಂಡಿ, ರಸ್ತೆ, ಜೆಟ್ಟಿ, ತಡೆಗೋಡೆ ಯಾವುದಕ್ಕೇ ಅಂದಾಜುಪಟ್ಟಿ ತಯಾರಿಸುವ ಮುನ್ನ ಇಡೀ ಊರಿನ ಒಂದು ನಕ್ಷೆ ಮಾಡಿ. ನೆಲದ ಎತ್ತರ, ಬಾವಿ, ಶೌಚದ ಗುಂಡಿ, ಉಬ್ಬರದ ಗೆರೆ, ಜಾಗದ ಒಡೆತನ, ಈ ಐದೂ ಒಂದೇ ಹಾಳೆಯ ಮೇಲೆ ಇರಬೇಕು. ಇವತ್ತು ಇವೆಲ್ಲ ಬೇರೆ ಬೇರೆ ಕಚೇರಿಗಳ ಬೇರೆ ಬೇರೆ ಕಡತಗಳಲ್ಲಿವೆ, ಕೆಲವಂತೂ ಎಲ್ಲಿಯೂ ಇಲ್ಲ. ಬಯಲುಸೀಮೆಯ ಊರಿನಲ್ಲಿ ಇದರಿಂದ ಕೆಲಸ ತಡವಾಗಬಹುದು. ಬೆಂಗ್ರೆಯಂಥ ಊರಿನಲ್ಲಿ ಮಾಡಿದ ಕೆಲಸವೇ ಹಾಳಾಗುತ್ತದೆ. ಏಕೆ ಎಂದು ವಿವರವಾಗಿ ಹೇಳುತ್ತೇವೆ.

ಕರಾವಳಿಯಲ್ಲಿ ಬೆಂಗ್ರೆ ಎಂಬ ಹೆಸರಿನ ಊರು ಒಂದೇ ಅಲ್ಲ. ಉಡುಪಿ ಕಡೆ ಕೋಡಿಬೆಂಗ್ರೆ ಇದೆ, ಪಡುತೋನ್ಸೆ ಬೆಂಗ್ರೆ ಇದೆ. ನದಿಗೂ ಕಡಲಿಗೂ ನಡುವೆ ಉದ್ದಕ್ಕೆ ಚಾಚಿಕೊಂಡ ಹೊಯಿಗೆಯ, ಅಂದರೆ ಮರಳಿನ, ನೆಲಕ್ಕೆ ನಮ್ಮವರು ಇಟ್ಟ ಹೆಸರು ಅದು. ಮಂಗಳೂರಿನ ಬೆಂಗ್ರೆ ಹುಟ್ಟಿದ್ದೂ ಹಾಗೆಯೇ. ಗುರುಪುರ ನದಿ, ಅಂದರೆ ಫಲ್ಗುಣಿ, ಘಟ್ಟದಿಂದ ಪಡುವಣಕ್ಕೆ ಹರಿದು ಬಂದು ಕೂಳೂರಿನ ಬಳಿ ಕಡಲನ್ನು ಮುಟ್ಟುವಷ್ಟು ಹತ್ತಿರವಾಗುತ್ತದೆ. ಆದರೆ ಮುಟ್ಟುವುದಿಲ್ಲ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಕಡಲಿಗೆ ಸಮನಾಗಿ ಹರಿದು, ನೇತ್ರಾವತಿಯನ್ನು ಕೂಡಿಕೊಂಡು, ಎರಡೂ ಒಂದೇ ಅಳಿವೆಯಲ್ಲಿ ಅರಬ್ಬಿ ಸಮುದ್ರ ಸೇರುತ್ತವೆ. ನದಿ ತಂದ ಹೊಯಿಗೆ, ಅಲೆ ದೂಡಿದ ಹೊಯಿಗೆ, ಎರಡೂ ಸೇರಿ ಕಟ್ಟಿದ ನೆಲದ ಮೇಲೆ ತೋಟ ಬೆಂಗ್ರೆ, ಕಸಬಾ ಬೆಂಗ್ರೆ ನಿಂತಿವೆ. ಮೊಗವೀರರೂ ಬ್ಯಾರಿಗಳೂ ಇಲ್ಲಿ ಬದುಕು ಕಟ್ಟಿಕೊಂಡಿದ್ದಾರೆ. ಇಬ್ಬರಿಗೂ ಅನ್ನ ಕೊಡುವುದು ಅದೇ ಕಡಲು, ಅದೇ ಅಳಿವೆ.

ಕಲ್ಲಿನ ಮೇಲೆ ನಿಂತ ಊರಿನ ಗಡಿ ನೂರು ವರ್ಷವಾದರೂ ಕದಲದು. ಹೊಯಿಗೆಯ ಊರಿನ ಗಡಿ ಒಂದು ಮಳೆಗಾಲದಲ್ಲೇ ಕದಲಬಹುದು. 1784ರಲ್ಲಿ ಟಿಪ್ಪು ಸುಲ್ತಾನ್ ಬೋಳೂರಿನ ದಡದಲ್ಲಿ ಕಪ್ಪುಕಲ್ಲಿನ ಸುಲ್ತಾನ್ ಬತ್ತೇರಿ ಕಟ್ಟಿಸಿದ್ದು ಗುರುಪುರ ನದಿಯೊಳಗೆ ಶತ್ರುವಿನ ಹಡಗು ನುಗ್ಗದಂತೆ ಕಾಯಲು. ಆ ಕಾವಲು ಬುರುಜು ಇವತ್ತಿಗೂ ನಿಂತಲ್ಲೇ ಇದೆ, ಎದುರಿನ ಹೊಯಿಗೆಯ ದಂಡೆಯ ಆಕಾರ ಮಾತ್ರ ಬದಲಾಗುತ್ತಲೇ ಬಂದಿದೆ. 1866ರಲ್ಲಿ ಮಂಗಳೂರಿಗೆ ಪುರಸಭೆ ಬಂತು. ಅದರ ಹಿಂದಿನ ವರ್ಷವಷ್ಟೇ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಿದ್ದರು. ನದಿದಂಡೆಯ ಆವೆಮಣ್ಣೇ ಆ ಉದ್ಯಮಕ್ಕೆ ಆಧಾರವಾಗಿತ್ತು. 1974ರಲ್ಲಿ ಪಣಂಬೂರಿನ ಹೊಸ ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಹಳೆ ಬಂದರಿಗೆ ಉಳಿದದ್ದು ಮೀನುಗಾರಿಕೆಯ ಬೋಟುಗಳು ಮತ್ತು ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಗಳು. 1980ರಲ್ಲಿ ಪುರಸಭೆ ಹೋಗಿ ಮಹಾನಗರ ಪಾಲಿಕೆ ಆಯಿತು.

ಬೆಂಗ್ರೆಯ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಘಟನೆ ನಡೆದದ್ದು 1990ರ ದಶಕದಲ್ಲಿ. ಅಳಿವೆಯ ಎರಡೂ ಬದಿಗೆ ಕಲ್ಲಿನ ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಗೋಡೆ, ಕಟ್ಟಿದರು. ಬೋಟುಗಳಿಗೆ ಸ್ಥಿರವಾದ ದಾರಿ ಬೇಕಿತ್ತು, ಆ ಉದ್ದೇಶ ಸರಿಯಾದದ್ದೇ. ಆದರೆ ದಂಡೆಯ ಉದ್ದಕ್ಕೂ ಸಾಗುತ್ತಿದ್ದ ಹೊಯಿಗೆಗೆ ಅಡ್ಡಗೋಡೆ ಬಿತ್ತು. ಉತ್ತರದ ಬೆಂಗ್ರೆ ಬದಿಯಲ್ಲಿ ಹೊಯಿಗೆ ಕೂಡಿತು, ದಕ್ಷಿಣದ ಉಳ್ಳಾಲ ಬದಿಯಲ್ಲಿ ಕಡಲ್ಕೊರೆತ ಹೆಚ್ಚಿತು. ಉಳ್ಳಾಲದಲ್ಲಿ ಮನೆ, ತೆಂಗು ಕಡಲ ಪಾಲಾದವು. ಕೊನೆಗೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಅಲ್ಲಿ ನೀರೊಳಗಿನ ತಡೆದಂಡೆಗಳನ್ನು ಕಟ್ಟಬೇಕಾಯಿತು. ನಮ್ಮಲ್ಲಿ ಬೆಳೆದ ದಂಡೆಯನ್ನು ನೋಡಿ ಖುಷಿಪಡುವ ಮುನ್ನ ಎದುರು ದಡ ಕಳೆದುಕೊಂಡದ್ದನ್ನು ನೆನೆಯಬೇಕು. ಅಳಿವೆಯ ಹೂಳೆತ್ತಿದಾಗ ಬರುವ ಒಳ್ಳೆಯ ಹೊಯಿಗೆಯನ್ನು ಲಾರಿಗೆ ತುಂಬಿ ಮಾರುವುದಕ್ಕಿಂತ, ಕೊರೆತ ಇರುವ ದಡಕ್ಕೇ ಪಂಪ್ ಮಾಡಿ ಹಾಕುವುದು ನ್ಯಾಯ. ಕಡಲು ಮಾಡುತ್ತಿದ್ದ ಕೆಲಸವನ್ನು ನಾವು ತಡೆದಿದ್ದೇವೆ, ಅದನ್ನು ನಾವೇ ಮಾಡಿ ಮುಗಿಸಬೇಕು.

ಹೀಗೆ ಹೊಸದಾಗಿ ಕೂಡಿದ ನೆಲ ಕಾಗದದ ಮೇಲೆ ಖಾಲಿಯಾಗಿ ಕಾಣುತ್ತದೆ. ಅಲ್ಲಿ ಏನಾದರೂ ಕಟ್ಟುವ ಆಸೆ ಯಾರಿಗಾದರೂ ಬರುತ್ತದೆ. ಅದು ಖಾಲಿ ಜಾಗವಲ್ಲ. ಅಡುಂಬು ಬಳ್ಳಿ ಹಬ್ಬಿದ ಆ ದಿಬ್ಬವೇ ಜೂನ್, ಜುಲೈ ತಿಂಗಳ ಅಲೆಗೆ ಊರಿನ ಮೊದಲ ತಡೆ. ನಾಡದೋಣಿ ಎಳೆದಿಡುವುದು, ಬಲೆ ಹರವುವುದು, ಮೀನು ಒಣಗಿಸುವುದು ಅದರ ಹಿಂದಿನ ಹೊಯಿಗೆಯಲ್ಲಿ. ದಿಬ್ಬವನ್ನು ಜೆಸಿಬಿಯಿಂದ ಸಮತಟ್ಟು ಮಾಡಿ ಕಲ್ಲಿನ ಗೋಡೆ ಕಟ್ಟಿದರೆ ಅಲೆ ಗೋಡೆಗೆ ಬಡಿದು ಹಿಂದೆ ಸರಿಯುವಾಗ ಬುಡದ ಹೊಯಿಗೆಯನ್ನು ಎಳೆದುಕೊಂಡು ಹೋಗುತ್ತದೆ. ಬುಡದಲ್ಲಿ ಸೋಸುಪದರ ಇಲ್ಲದಿದ್ದರೆ ಕಲ್ಲು ಹೊಯಿಗೆಯೊಳಕ್ಕೆ ಕುಸಿಯುತ್ತದೆ. ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಆಚೆ ಕೊರೆತ ಶುರುವಾಗುತ್ತದೆ. ಕರಾವಳಿಯುದ್ದಕ್ಕೂ ಪ್ರತಿ ಮಳೆಗಾಲ ಕಲ್ಲು ಸುರಿದ ಜಾಗಕ್ಕೇ ಮತ್ತೆ ಕಲ್ಲು ಸುರಿಯುವ ಪರಿಸ್ಥಿತಿ ಬಂದಿರುವುದು ಇದರಿಂದ.

ಇನ್ನು ಜಾಗದ ವಿಷಯ. ದಂಡೆ ಬೆಳೆದಂತೆ, ಸರಿದಂತೆ ಹಳೆಯ ಸರ್ವೆ ನಂಬರಿನ ಗೆರೆಗೂ ಇವತ್ತಿನ ಮನೆಗೂ ತಾಳೆಯಾಗುವುದಿಲ್ಲ. ಮನೆಯವರ ಕೈಗೆ ಹಕ್ಕುಪತ್ರ ಬಂದರೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹಕ್ಕುಪತ್ರದಲ್ಲಿರುವ ಚಕ್ಕುಬಂದಿ ನೆಲದ ಮೇಲೆ ಗುರುತಾಗಬೇಕು, ಕಂದಾಯ ದಾಖಲೆಯಲ್ಲಿ ಹೆಸರು ಏರಬೇಕು, ಪಾಲಿಕೆಯಲ್ಲಿ ಖಾತೆಯಾಗಬೇಕು, ಅದು ಇ-ಖಾತಾ ಆಗಬೇಕು. ಆಮೇಲಷ್ಟೇ ಬ್ಯಾಂಕಿನ ಸಾಲ, ಮನೆ ಕಟ್ಟುವ ಪರವಾನಗಿ. ಈ ಸರಪಳಿಯಲ್ಲಿ ಮೊದಲನೇ ಕೊಂಡಿ, ಅಂದರೆ ನೆಲದ ಮೇಲಿನ ಗುರುತು, ತಪ್ಪಿದರೆ ಉಳಿದದ್ದೆಲ್ಲ ಕೂತುಬಿಡುತ್ತದೆ. ಕಂದಾಯ, ಬಂದರು, ಪಾಲಿಕೆ ಮೂವರ ಸರ್ವೇಯರುಗಳೂ ಒಂದೇ ದಿನ ಒಂದೇ ಸರಪಳಿ ಹಿಡಿದು ಅಳೆಯದ ಹೊರತು ಇದು ಬಗೆಹರಿಯದು. ಒಬ್ಬರು ಅಳೆದದ್ದನ್ನು ಇನ್ನೊಬ್ಬರು ಒಪ್ಪಬೇಕಾಗಿಲ್ಲ ಎನ್ನುವುದೇ ತೊಡಕಿನ ಮೂಲ.

ಇದರ ಮೇಲೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಕೂತಿದೆ. 2019ರ ಜನವರಿ 18ರ ಅಧಿಸೂಚನೆಯ ಪ್ರಕಾರ ಕಡಲಿನ ಉಬ್ಬರದ ಗೆರೆಯಿಂದ 500 ಮೀಟರ್, ಉಬ್ಬರ ನುಗ್ಗುವ ನದಿಯ ದಡದಿಂದ 50 ಮೀಟರ್ ಅಥವಾ ನದಿಯ ಅಗಲ ಇವೆರಡರಲ್ಲಿ ಕಡಿಮೆಯದ್ದು ನಿಯಂತ್ರಣಕ್ಕೆ ಒಳಪಡುತ್ತದೆ. ಬೆಂಗ್ರೆಗೆ ಎಡಕ್ಕೂ ನೀರು, ಬಲಕ್ಕೂ ನೀರು. ಎರಡೂ ಕಡೆಯಿಂದ ಅಳೆದರೆ ಊರಿನ ಬಹುಪಾಲು ಒಳಗೇ ಬೀಳುತ್ತದೆ. ನಗರ ಪ್ರದೇಶದ ಸಿಆರ್‌ಝಡ್ 2ರಲ್ಲಿ ಈಗಾಗಲೇ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ನೆಲದ ಬದಿಗೆ ಮಾತ್ರ ಹೊಸ ಕಟ್ಟಡಕ್ಕೆ ಅವಕಾಶ. ಖಾತೆಯೇ ಇಲ್ಲದ ಮನೆ ಅಧಿಕೃತ ಎನಿಸಿಕೊಳ್ಳುವುದು ಹೇಗೆ? ಅದರ ಹಿಂದಿನ ಮನೆಗೆ ಲೆಕ್ಕ ಸಿಗುವುದು ಹೇಗೆ? ಅದೇ ಅಧಿಸೂಚನೆಯಲ್ಲಿ ಬಡವರಿಗೆ ಉಪಯೋಗವಾಗುವ ಮಾತೂ ಇದೆ: ಸ್ವಂತ ವಾಸಕ್ಕೆ 300 ಚದರ ಮೀಟರ್ ಒಳಗಿನ ಮನೆಗೆ, ಕಟ್ಟಲು ಅವಕಾಶವಿರುವ ವಲಯದಲ್ಲಿ, ಸ್ಥಳೀಯ ಸಂಸ್ಥೆಯೇ ಒಪ್ಪಿಗೆ ಕೊಡಬಹುದು, ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಶಿಫಾರಸಿಗೆ ಕಾಯಬೇಕಾಗಿಲ್ಲ. ಬೆಂಗ್ರೆಯ ಮನೆಗಳು ಬಹುತೇಕ ಈ ಅಳತೆಗಿಂತ ಎಷ್ಟೋ ಚಿಕ್ಕವು. ಆದರೆ ಯಾವ ಮನೆ ಯಾವ ವಲಯದಲ್ಲಿದೆ ಎಂದು ಕೌಂಟರಿನಲ್ಲಿ ಕೂತವರು ಹೇಳಬೇಕಾದರೆ ಅವರ ಮುಂದೆ ತಕ್ಕ ನಕ್ಷೆ ಬೇಕು. ಕರಾವಳಿ ಯೋಜನೆಯ ದೊಡ್ಡ ನಕ್ಷೆಗಳ ಅಳತೆ 1:25,000. ಅದರಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದಲ್ಲಿ 25 ಮೀಟರ್. ಒಂದು ಗೆರೆಯ ದಪ್ಪದೊಳಗೆ ಎರಡು ಮನೆ ಮುಚ್ಚಿಹೋಗುತ್ತವೆ. ನಾವು ಕೇಳುತ್ತಿರುವುದು 1:500ರ ನಕ್ಷೆ. ಅದರಲ್ಲಿ ಒಂದು ಮಿಲಿಮೀಟರ್ ಎಂದರೆ ಅರ್ಧ ಮೀಟರ್, ಮೂರು ಸೆಂಟ್ಸ್ ಜಾಗ ಎರಡು ಸೆಂಟಿಮೀಟರ್‌ಗೂ ಮೀರಿದ ಚೌಕವಾಗಿ ಕಣ್ಣಿಗೆ ಕಾಣುತ್ತದೆ.

ಈಗ ನೀರಿಗೆ ಬರೋಣ. ಬೆಂಗ್ರೆಯಲ್ಲಿ ಸಿಹಿನೀರು ಸಿಗುವುದು ಹೇಗೆ ಎಂದು ತಿಳಿದವರು ಇಲ್ಲಿ ಬೋರ್‌ವೆಲ್ ಪ್ರಸ್ತಾಪ ಮಾಡುವುದಿಲ್ಲ. ಹೊಯಿಗೆಯೊಳಗೆ ಮಳೆನೀರು ಇಳಿದು, ಕೆಳಗಿನ ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ. ಮಧ್ಯದಲ್ಲಿ ದಪ್ಪ, ಅಂಚಿನಲ್ಲಿ ತೆಳು, ಬೋರಲು ಹಾಕಿದ ತೆಳ್ಳನೆಯ ಬಟ್ಟಲಿನ ಕೆಳಗೆ ಇನ್ನೊಂದು ಬಟ್ಟಲು ಸೇರಿಸಿದಂತೆ ಅದರ ಆಕಾರ. ಇದರ ಲೆಕ್ಕ 1ಕ್ಕೆ 40. ಕಡಲಮಟ್ಟಕ್ಕಿಂತ ಸಿಹಿನೀರು ಒಂದು ಅಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರು ನಿಲ್ಲಬಲ್ಲದು. ಅದೇ ಲೆಕ್ಕ ತಿರುಗಿಸಿ ನೋಡಿ: ಪಂಪ್ ಎಳೆದು ಬಾವಿಯ ಸುತ್ತ ನೀರಿನ ಮಟ್ಟ ಒಂದು ಅಡಿ ಇಳಿದು ಹಾಗೇ ನಿಂತರೆ ಕೆಳಗಿನ ಉಪ್ಪುನೀರಿಗೆ 40 ಅಡಿ ಮೇಲೇರಲು ದಾರಿಯಾಗುತ್ತದೆ. ಸಿಮೆಂಟ್ ರಿಂಗ್ ಇಳಿಸಿದ ಆಳವಿಲ್ಲದ ಬಾವಿಯಿಂದ ಕೊಡದಲ್ಲಿ ಸೇದಿದರೆ ಮೇಲಿನ ಸಿಹಿನೀರು ಮಾತ್ರ ಬರುತ್ತದೆ, ಸೇದಿದಷ್ಟು ಮತ್ತೆ ಒಸರುತ್ತದೆ. ಅದೇ ಬಾವಿಗೆ ಮೋಟರ್ ಇಟ್ಟು ಗಂಟೆಗಟ್ಟಲೆ ಓಡಿಸಿದರೆ ಏಪ್ರಿಲ್ ಹೊತ್ತಿಗೆ ನೀರು ಒಗರಾಗಿ, ಮೇ ತಿಂಗಳಲ್ಲಿ ಸಾರು ಬೇಯಿಸಲೂ ಆಗದಂತಾಗುತ್ತದೆ. ಒಮ್ಮೆ ಉಪ್ಪು ಏರಿದ ಬಾವಿ ಸುಧಾರಿಸಲು ಒಂದು ಮಳೆಗಾಲ ಸಾಲದಿರಬಹುದು. ಸಿಆರ್‌ಝಡ್ ನಿಯಮ ಅಂತರ್ಜಲ ಎತ್ತುವುದಕ್ಕೆ ಮಿತಿ ಹಾಕಿರುವುದಕ್ಕೆ ಇಲ್ಲಿ ಗಟ್ಟಿಯಾದ ಕಾರಣವಿದೆ.

ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟೆಯಿಂದ. ಯಾವ ಮಾರ್ಗದಲ್ಲಿ ತಂದರೂ ಬೆಂಗ್ರೆ ಕೊಳವೆಯ ತುದಿಯಲ್ಲೇ ಇರುತ್ತದೆ. ತುಂಬೆಯಲ್ಲಿ ಮಟ್ಟ ಇಳಿದು ರೇಷನ್ ಶುರುವಾದರೆ ಒತ್ತಡ ಮೊದಲು ಸಾಯುವುದು ತುದಿಯಲ್ಲಿ. ಆದ್ದರಿಂದ ಊರೊಳಗೇ ಎತ್ತರದ ಸಂಗ್ರಹ ಬೇಕು, ಜೊತೆಗೆ ಮನೆಮನೆಯಲ್ಲಿ ಮಾಡಿನ, ಅಂದರೆ ಛಾವಣಿಯ, ನೀರು ಹಿಡಿಯುವ ವ್ಯವಸ್ಥೆ ಬೇಕು. ಲೆಕ್ಕ ಸರಳ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ 500 ಚದರ ಅಡಿಯ ಮಾಡಿನಿಂದ, ಐದರಲ್ಲಿ ಒಂದು ಪಾಲು ಪೋಲಾದರೂ, ಸುಮಾರು 1.3 ಲಕ್ಷ ಲೀಟರ್ ಇಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರ್ ಹಿಡಿದರೆ ಫೆಬ್ರವರಿಯಿಂದ ಮೇ ಕೊನೆಯವರೆಗಿನ 120 ದಿನಕ್ಕೆ ಬೇಕಾದದ್ದು 6,000 ಲೀಟರ್ ಟ್ಯಾಂಕ್ ಮಾತ್ರ. ಉಳಿದ ನೀರನ್ನು ಬಾವಿಯ ಪಕ್ಕ ಹೊಯಿಗೆಗೆ ಇಂಗಿಸಿದರೆ ತೇಲುವ ಆ ಬಟ್ಟಲು ದಪ್ಪವಾಗುತ್ತದೆ. ಮೊದಲ ಎರಡು ಮೂರು ಮಳೆಯ ನೀರನ್ನು ಬಿಟ್ಟುಬಿಡಬೇಕು. ಗಾಳಿ ತಂದ ಉಪ್ಪು, ಕಾಗೆ ಹಿಕ್ಕೆ, ಗಾಳಿಮರದ ಸೋಗೆ ಎಲ್ಲ ಆ ನೀರಿನಲ್ಲಿ ಬರುತ್ತದೆ. ಕಡಲ ಗಾಳಿಗೆ ಮಾಡಿನ ಅಂಚಿನಲ್ಲಿ ನೀರು ಹಿಡಿಯಲು ಕಟ್ಟುವ ತಗಡಿನ ದೋಣಿ ಎರಡೇ ವರ್ಷದಲ್ಲಿ ತುಕ್ಕು ಹಿಡಿಯುವುದರಿಂದ ಪಿವಿಸಿಯನ್ನೇ ಹಾಕಬೇಕು, ಅದರ ಕ್ಲಾಂಪುಗಳೂ ಕಬ್ಬಿಣದ್ದಾಗಬಾರದು.

ಬಾವಿ ನೀರಿನ ಪರೀಕ್ಷೆ ವರ್ಷಕ್ಕೆ ಎರಡು ಸಲ ಆಗಬೇಕು, ಅದೂ ಸರಿಯಾದ ಹೊತ್ತಿನಲ್ಲಿ. ಮೇ ಮಧ್ಯದಲ್ಲಿ ಉಪ್ಪಿಗಾಗಿ: ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 1,000ದವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಜುಲೈ ಮೊದಲ ವಾರದಲ್ಲಿ ಮಲಿನತೆಗಾಗಿ: 100 ಮಿಲಿಲೀಟರಿನಲ್ಲಿ ಇ-ಕೋಲಿ ಒಂದೂ ಇರಬಾರದು, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಡಿಸೆಂಬರಿನಲ್ಲಿ ಮಾಡಿದ ಪರೀಕ್ಷೆಯಲ್ಲಿ ಇಲ್ಲಿನ ಬಾವಿಗಳು ಪಾಸಾಗಿ ಕಾಣುತ್ತವೆ. ಆಗ ಉಪ್ಪು ಏರಿರುವುದಿಲ್ಲ, ನೀರು ಗುಂಡಿಯ ಮಟ್ಟಕ್ಕೂ ಬಂದಿರುವುದಿಲ್ಲ.

ಗುಂಡಿಯ ಮಾತು ಬಂತು. ಬೆಂಗ್ರೆಯಲ್ಲಿ ಅತಿ ಹೆಚ್ಚು ಕಾಳಜಿ ಬೇಕಾದ ಜಾಗ ಇದೇ, ಅತಿ ಕಡಿಮೆ ಮಾತಾಗುವುದೂ ಇದರ ಬಗ್ಗೆಯೇ. ಎರಡು ಗುಂಡಿಯ ಶೌಚಾಲಯಕ್ಕೆ ಇರುವ ನಿಯಮದಲ್ಲಿ ಗುಂಡಿಯ ತಳ ಜಲಮಟ್ಟಕ್ಕಿಂತ 2 ಮೀಟರ್ ಮೇಲಿದ್ದರೆ ಬಾವಿಗೆ 3 ಮೀಟರ್ ದೂರ ಸಾಕು. ಇಲ್ಲದಿದ್ದರೆ 10 ಮೀಟರ್ ಬೇಕು. ದಪ್ಪ ಹೊಯಿಗೆಯಾದರೆ ತಳವನ್ನು ಜೇಡಿಮಣ್ಣಿನಿಂದಲೋ ಪ್ಲಾಸ್ಟಿಕ್ ಹಾಳೆಯಿಂದಲೋ ಮುಚ್ಚಿ, ಸುತ್ತಲೂ ಅರ್ಧ ಮೀಟರ್ ದಪ್ಪ ಸಣ್ಣ ಹೊಯಿಗೆ ತುಂಬಬೇಕು. ಈಗ ಬೆಂಗ್ರೆಯ ನೆಲಕ್ಕೆ ಇದನ್ನು ಇಟ್ಟು ನೋಡಿ. ಮೂರು ಸೆಂಟ್ಸ್ ಎಂದರೆ 1,307 ಚದರ ಅಡಿ, ಸುಮಾರು 11 ಮೀಟರ್ ಉದ್ದ, 11 ಮೀಟರ್ ಅಗಲ. ಅದರೊಳಗೆ ಮನೆ, ಬಾವಿ, ಗುಂಡಿ ಮೂರೂ ಇರಬೇಕು. ಮಳೆಗಾಲದಲ್ಲಿ ಜಲಮಟ್ಟ ಅಂಗಳಕ್ಕೆ ಕೈಗೆಟುಕುವಷ್ಟು ಮೇಲೆ ಬರುತ್ತದೆ. ನಮ್ಮ ಗುಂಡಿಯಿಂದ ನಮ್ಮ ಬಾವಿಗೆ 10 ಮೀಟರ್ ಸಿಕ್ಕಿದರೂ ಪಾಗಾರದ ಆಚೆ ಪಕ್ಕದ ಮನೆಯವರ ಬಾವಿ ನಾಲ್ಕೇ ಹೆಜ್ಜೆಯಲ್ಲಿರುತ್ತದೆ. ಒಂದೊಂದೇ ಮನೆಗೆ ಪರವಾನಗಿ ಕೊಡುವಾಗ ಈ ಸಂಬಂಧ ಕಾಣುವುದಿಲ್ಲ. ಎಲ್ಲ ಬಾವಿ, ಎಲ್ಲ ಗುಂಡಿಯನ್ನು ಒಂದೇ ಹಾಳೆಯಲ್ಲಿ ಗುರುತು ಮಾಡಿದಾಗ ಕಾಣುತ್ತದೆ.

ಹಾಗಾದರೆ ಒಳಚರಂಡಿ ಹಾಕಿಬಿಡೋಣ ಎಂದರೆ ಅದಕ್ಕೂ ಲೆಕ್ಕ ಬೇಕು. 150 ಮಿಲಿಮೀಟರ್ ಕೊಳವೆಯಲ್ಲಿ ಹೊಲಸು ತಾನಾಗಿ ಹರಿಯಲು 170 ಮೀಟರಿಗೆ ಒಂದು ಮೀಟರ್ ಇಳಿಜಾರು ಬೇಕು. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಕೊಳವೆ ಸುಮಾರು 6 ಮೀಟರ್ ಆಳಕ್ಕೆ ಇಳಿದಿರುತ್ತದೆ. ನೀರು ತುಂಬಿದ ಹೊಯಿಗೆಯಲ್ಲಿ ಅಷ್ಟು ಆಳ ತೋಡಬೇಕಾದರೆ ಹಗಲೂ ರಾತ್ರಿ ನೀರು ಪಂಪ್ ಮಾಡಬೇಕು. ಹಾಗೆ ಮಾಡಿದಾಗ ಪಕ್ಕದ ಬಾವಿಗಳಿಗೆ ಉಪ್ಪು ಏರುತ್ತದೆ, ಮನೆಗಳ ಅಡಿಪಾಯ ಕೂರುತ್ತದೆ. ಮುಗಿದ ಮೇಲೂ ಖಾಲಿ ಮ್ಯಾನ್‌ಹೋಲುಗಳನ್ನು ನೀರು ಮೇಲಕ್ಕೆ ಎತ್ತುತ್ತದೆ, ಜಾಯಿಂಟುಗಳಲ್ಲಿ ಅಂತರ್ಜಲ ನುಗ್ಗಿ ಮಳೆಗಾಲದಲ್ಲಿ ಪಂಪ್‌ಹೌಸ್ ಉಕ್ಕುತ್ತದೆ. ಮನೆಗೊಂದು ಪೂರ್ತಿ ಮುಚ್ಚಿದ ಟ್ಯಾಂಕ್ ಇಟ್ಟು ಸಕ್ಕಿಂಗ್ ಲಾರಿಯಲ್ಲಿ ಖಾಲಿ ಮಾಡಿಸುವುದೂ ನಡೆಯದ ಮಾತು. ಐದು ಜನ, ದಿನಕ್ಕೆ ತಲಾ ಐದು ಸಲ, ಪ್ರತಿ ಸಲ 10 ಲೀಟರ್ ಫ್ಲಶ್ ಎಂದರೆ 250 ಲೀಟರ್. 5,000 ಲೀಟರ್ ಟ್ಯಾಂಕ್ 20 ದಿನಕ್ಕೆ ತುಂಬುತ್ತದೆ. ಅಷ್ಟು ಸಲ ಲಾರಿ ಬರುವಂತಿಲ್ಲ, ಎಷ್ಟೋ ಓಣಿಗೆ ಲಾರಿ ಹೋಗುವಂತೆಯೂ ಇಲ್ಲ.

ನಮ್ಮ ಅಭಿಪ್ರಾಯದಲ್ಲಿ ಇಲ್ಲಿಗೆ ಒಪ್ಪುವುದು ಸಣ್ಣ ಕೊಳವೆಯ ಪದ್ಧತಿ. ಗಟ್ಟಿ ಹೊಲಸು ಮನೆಯ, ಅಥವಾ ನಾಲ್ಕಾರು ಮನೆ ಸೇರಿದ, ಸೋರದ ಸೆಪ್ಟಿಕ್ ಟ್ಯಾಂಕಿನಲ್ಲೇ ಕೂರುತ್ತದೆ. ಮೇಲಿನ ತಿಳಿ ಮಾತ್ರ 100 ಮಿಲಿಮೀಟರ್ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಗಟ್ಟಿ ಪದಾರ್ಥ ಇಲ್ಲದ್ದರಿಂದ ಕಡಿದಾದ ಇಳಿಜಾರು ಬೇಡ, ಕೊಳವೆ ಮೊಣಕಾಲುದ್ದ ಆಳದಲ್ಲೇ ಇರಬಹುದು. ಅಲ್ಲಲ್ಲಿ ಸಣ್ಣ ಪಂಪ್ ಇಟ್ಟು ತಿಳಿಯನ್ನು ಶುದ್ಧೀಕರಣಕ್ಕೆ ಎತ್ತಬೇಕು. ಪಂಪಿನ ಪ್ಯಾನೆಲ್ ನೆರೆಯ ಮಟ್ಟಕ್ಕಿಂತ ಮೇಲಿರಬೇಕು, ಮಳೆಗಾಲದ ಕರೆಂಟ್ ಕಡಿತಕ್ಕೆ ಜನರೇಟರ್ ಬೇಕು. ಟ್ಯಾಂಕುಗಳ ಹೂಳನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಲೇಬೇಕು. ತೆಗೆಸದಿದ್ದರೆ ಗಟ್ಟಿ ಹೊಲಸು ಸಣ್ಣ ಕೊಳವೆಗೆ ಹೋಗಿ ಇಡೀ ಓಣಿ ಕಟ್ಟಿಕೊಳ್ಳುತ್ತದೆ. ಪಂಪ್ ಎಲ್ಲಿ, ಟ್ಯಾಂಕ್ ಎಲ್ಲಿ ಎಂದು ನಿರ್ಧರಿಸಲು ಕಾಲು ಮೀಟರಿನ ಸೂಕ್ಷ್ಮದಲ್ಲಿ ನೆಲದ ಎತ್ತರ ಗೊತ್ತಿರಬೇಕು. ಆ ಸೂಕ್ಷ್ಮವಿಲ್ಲದೆ ಮಾಡಿದ ಅಂದಾಜುಪಟ್ಟಿಯನ್ನು ಹೊಯಿಗೆ ಒಪ್ಪುವುದಿಲ್ಲ.

ಜೆಟ್ಟಿಯ ಮೆಟ್ಟಿಲನ್ನು ಒಮ್ಮೆ ಇಳಿತದ ಹೊತ್ತಿನಲ್ಲಿ ನೋಡಿ. ದೊಡ್ಡ ಉಬ್ಬರದ ದಿನಗಳಲ್ಲಿ ಇಲ್ಲಿ ನೀರು ಏರಿಳಿಯುವ ಅಂತರ ಸುಮಾರು ಒಂದೂವರೆ ಮೀಟರ್. ನೀರು ಇಳಿದಾಗ ಬಯಲಾಗುವ ಕೆಳಗಿನ ಮೆಟ್ಟಿಲುಗಳಿಗೆ ಪಾಚಿ ಹತ್ತಿರುತ್ತದೆ, ಅಂಚಿಗೆ ಬ್ಲೇಡಿನಂಥ ಚಿಪ್ಪು ಮೆತ್ತಿರುತ್ತದೆ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸು, ಬ್ಯಾಗು ಹೊತ್ತ ಶಾಲೆಯ ಮಗು, ಡಯಾಲಿಸಿಸ್‌ಗೆ ಹೊರಟ ಮುದುಕರು ಅದರ ಮೇಲೆ ನಿಂತು ಅಲುಗಾಡುವ ದೋಣಿಗೆ ಕಾಲಿಡಬೇಕು. ಕಾಂಕ್ರೀಟ್ ಮೆಟ್ಟಿಲು ಎಷ್ಟು ಚಂದ ಕಟ್ಟಿದರೂ ಈ ತೊಂದರೆ ತಪ್ಪದು, ಏಕೆಂದರೆ ಮೆಟ್ಟಿಲು ನಿಂತಲ್ಲೇ ಇರುತ್ತದೆ, ದೋಣಿ ನೀರಿನೊಂದಿಗೆ ಏರಿಳಿಯುತ್ತದೆ. ಎರಡೂ ದಡಕ್ಕೆ ತೇಲುವ ಜೆಟ್ಟಿ ಬೇಕು. ದಡದಿಂದ ಅದಕ್ಕೆ ಇಳಿಯುವ ಹಲಗೆದಾರಿಯ ಉದ್ದ ಲೆಕ್ಕ ಹಾಕಿಯೇ ಇಡಬೇಕು: ಒಂದೂವರೆ ಮೀಟರ್ ಇಳಿತಕ್ಕೆ ಗಾಲಿಕುರ್ಚಿ ಹೋಗುವ 1:12ರ ಇಳಿಜಾರಾದರೆ 18 ಮೀಟರ್, 1:8 ಆದರೆ 12 ಮೀಟರ್. ಹಣ ಉಳಿಸಲು 6 ಮೀಟರಿಗೆ ನಿಲ್ಲಿಸಿದರೆ ಇಳಿತದಲ್ಲಿ ಅದು ಏಣಿಯಾಗುತ್ತದೆ. ಜುಲೈ ತಿಂಗಳ ನೆರೆಯ ಸೆಳೆತಕ್ಕೆ ಮರದ ಬೊಡ್ಡೆ, ಜೊಂಡು ತೇಲಿ ಬಂದು ಜೆಟ್ಟಿಯ ಮೇಲ್ಹೊಳೆ ಬದಿಗೆ ಸಿಕ್ಕಿಕೊಳ್ಳುವುದರಿಂದ ಅಲ್ಲಿ ಓರೆಯಾಗಿ ತಡೆಕಂಬ ನೆಡಬೇಕು. 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ದೋಣಿಗಳ ನೋಂದಣಿ, ತಪಾಸಣೆ ಹೇಗೂ ಆಗಬೇಕು. ಎಷ್ಟು ಜನ ಹತ್ತಬಹುದು ಎಂಬುದನ್ನು ದೋಣಿಯ ಬದಿಗೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಲೈಫ್ ಜಾಕೆಟುಗಳನ್ನು ಪೆಟ್ಟಿಗೆಯಿಂದ ಹೊರಗೆ ಕೈಗೆ ಸಿಗುವಂತೆ ಇಡಿಸಿ. ಸುಲ್ತಾನ್ ಬತ್ತೇರಿ ಕಡೆಯ ಪಾದಚಾರಿ ಸೇತುವೆ ಸ್ವಾಗತಾರ್ಹ, ಆದರೆ ಅದು ಊರಿನ ದಕ್ಷಿಣ ತುದಿಯಿಂದ ದೂರ. ಸೇತುವೆ ಬಂತೆಂದು ದೋಣಿಯನ್ನು ಕೈಬಿಡುವಂತಿಲ್ಲ.

ದೋಣಿ ಇನ್ನೊಂದು ಕಾರಣಕ್ಕೂ ಬೇಕು. ಊರಿಗಿರುವ ಒಂದೇ ನೆಲದ ದಾರಿ ಉತ್ತರದಲ್ಲಿ ರಸಗೊಬ್ಬರ ಕಾರ್ಖಾನೆಯಂಥ ದೊಡ್ಡ ಉದ್ಯಮಗಳ ಪಕ್ಕದಲ್ಲೇ ಹೋಗುತ್ತದೆ. ಯೂರಿಯಾ ಮಾಡುವಲ್ಲಿ ಅಮೋನಿಯಾ ಇರುತ್ತದೆ. ಅಲ್ಲೇನಾದರೂ ಸೋರಿದರೆ ಬೆಂಗ್ರೆಯ ಜನರನ್ನು ರಸ್ತೆಯಲ್ಲಿ ಹೊರಡಿಸುವುದೆಂದರೆ ಅಪಾಯದ ಕಡೆಗೇ ಕಳಿಸಿದಂತೆ. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳ ಪ್ರಕಾರ ಕಾರ್ಖಾನೆಯ ಹೊರಗಿನ ತುರ್ತು ಯೋಜನೆ ಜಿಲ್ಲಾಡಳಿತದ ಜವಾಬ್ದಾರಿ, ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆಯೂ ಆಗಬೇಕು. ಆ ಯೋಜನೆಯಲ್ಲಿ ಬೆಂಗ್ರೆಗೆ ನದಿಯೇ ಹೊರದಾರಿ ಎಂದು ಬರೆದು, ಯಾವ ದಕ್ಕೆಯಲ್ಲಿ ಎಷ್ಟು ಬೋಟು, ರಾತ್ರಿ ಕೀಲಿಕೈ ಯಾರ ಬಳಿ ಎಂಬಷ್ಟು ವಿವರ ಸೇರಿಸಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳು ಕಟ್ಟಿ ನಿಂತಿರುತ್ತವೆ, ಕೆಲಸಗಾರರು ಊರಿಗೆ ಹೋಗಿರುತ್ತಾರೆ. ಆ ದಿನಗಳಿಗೆ ಪ್ರತ್ಯೇಕ ಏರ್ಪಾಡು ಬೇಕು.

ಇಷ್ಟೆಲ್ಲ ನಿರ್ಧಾರ ಯಾರು ಮಾಡಬೇಕು? ಚುನಾಯಿತ ಪರಿಷತ್ತಿನ ಅವಧಿ 2025ರ ಫೆಬ್ರವರಿಯಲ್ಲಿ ಮುಗಿಯಿತು. ಕಾರ್ಪೊರೇಟರ್ ಇಲ್ಲದ ದಿನಗಳಲ್ಲಿ ನದಿಯಾಚೆಯ ವಾರ್ಡಿನ ದನಿ ಇನ್ನೂ ಕ್ಷೀಣ. ಪಾಲಿಕೆ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯಿಂದ ವಾರ್ಡ್ ಸಮಿತಿ ಬಂದಿದೆ. ಸದಸ್ಯರು ಹತ್ತು ಮಂದಿ: ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳಿಂದ. ತಿಂಗಳಿಗೊಂದು ಸಭೆ. ಈ ಸಮಿತಿಯ ಸಭೆಯನ್ನು ಬೆಂಗ್ರೆಯ ದಡದಲ್ಲೇ ನಡೆಸಿ, ಸಂಜೆ ಕೊನೆಯ ದೋಣಿಗೆ ಮುಂಚೆ ಮುಗಿಯುವಂತೆ ನಡೆಸಿ. ಮೀನು ಒಣಗಿಸುವ, ಮಾರುವ ಹೆಂಗಸರು ಬೆಳಿಗ್ಗೆ ಬರಲಾರರು ಎಂಬುದನ್ನು ಗಮನದಲ್ಲಿಡಿ. ಪಣಂಬೂರು ಬೆಂಗ್ರೆ ಬೇರೆ ವಾರ್ಡ್ ಆದರೂ ಹೊಯಿಗೆ ಒಂದೇ, ಅಂತರ್ಜಲ ಒಂದೇ. ನೀರಿನ, ದಂಡೆಯ ವಿಷಯ ಬಂದಾಗ ಎರಡೂ ವಾರ್ಡಿನವರು ಒಟ್ಟಿಗೆ ಕೂರಬೇಕು.

ನಕ್ಷೆಯ ಕೆಲಸಕ್ಕೆ ಕಾಲ ಗೊತ್ತುಮಾಡಿಕೊಳ್ಳಿ. ಡಿಸೆಂಬರಿನಲ್ಲಿ ಮೂರೂ ಇಲಾಖೆಯ ಜಂಟಿ ಸರ್ವೆ ಶುರುವಾಗಲಿ. ಕಡಲಮಟ್ಟಕ್ಕೆ ಹೊಂದಿಸಿದ ಎತ್ತರದ ಗುರುತುಗಳನ್ನು ಶಾಲೆ, ಮಸೀದಿ, ಭಜನಾ ಮಂದಿರದಂಥ ಗಟ್ಟಿ ಕಟ್ಟಡಗಳ ಗೋಡೆಗೆ ಹಾಕಿ. ಹೊಯಿಗೆಯಲ್ಲಿ ನೆಟ್ಟ ಕಲ್ಲು ಕೂರುತ್ತದೆ. ಪ್ರತಿ ಬಾವಿಯ ಕಟ್ಟೆಗೆ ಬಣ್ಣದಲ್ಲಿ ನಂಬರ್ ಬರೆದು ಕಟ್ಟೆಯಿಂದ ನೀರಿಗೆ ಎಷ್ಟು ಎಂದು ಒಂದೇ ದಿನ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಹತ್ತಿರ, ಉಬ್ಬರದಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ ಅಳೆಯಿರಿ. ಗುಂಡಿ, ಟ್ಯಾಂಕುಗಳಿಗೂ ಹಾಗೆಯೇ ನಂಬರ್ ಕೊಡಿ. ಓಣಿಗಳ ಅಗಲವನ್ನು ತೀರಾ ಇಕ್ಕಟ್ಟಾದ ಜಾಗದಲ್ಲಿ ಅಳೆಯಿರಿ, ಆಂಬುಲೆನ್ಸ್ ಸಿಕ್ಕಿಕೊಳ್ಳುವುದು ಅಲ್ಲೇ. ಮೇ ಮಧ್ಯದಲ್ಲಿ ಉಪ್ಪಿನ ಪರೀಕ್ಷೆ, ಜುಲೈ ಮೊದಲ ವಾರದಲ್ಲಿ ಮಲಿನತೆಯ ಪರೀಕ್ಷೆ. ಆಗಸ್ಟ್‌ನಲ್ಲಿ ಕರಡು ನಕ್ಷೆಯನ್ನು ದೋಣಿ ಕಾಯುವ ಜಾಗದಲ್ಲಿ, ಎರಡೂ ದಡದಲ್ಲಿ, ದೊಡ್ಡದಾಗಿ ಹಚ್ಚಿ. ತಪ್ಪು ಕಂಡವರು ಪೆನ್ಸಿಲಿನಲ್ಲಿ ಅಲ್ಲೇ ಗುರುತು ಮಾಡಲಿ. ಒಂದು ತಿಂಗಳ ನಂತರ ತಿದ್ದಿದ ನಕ್ಷೆಗೆ ಮೂರೂ ಇಲಾಖೆಯ ಸಹಿ ಬೀಳಲಿ.

ಬಾವಿಗಳ ನಂಬರ್ ಹಾಕುವ ದಿನ ಓಣಿ ಓಣಿಗೆ ಜೊತೆ ಬರಲು, ಯಾವ ಬಾವಿ ಯಾವ ತಿಂಗಳಲ್ಲಿ ಉಪ್ಪಾಗುತ್ತದೆ ಎಂದು ಹೇಳಲು ಇಲ್ಲಿನ ಮನೆಮನೆಯವರು ತಯಾರಿದ್ದಾರೆ. ದಿನ ಗೊತ್ತುಮಾಡಿ ತಿಳಿಸಿ.

ಇತಿ,
ನದಿಗೂ ಕಡಲಿಗೂ ನಡುವೆ ಬಾಳುವ ಬೆಂಗ್ರೆಯವರು